ಹೆಣ್ಣುಕರುಗಳ ಸಾಲಿನಲ್ಲಿ

ಬೀಜದ ಹೋರಿಯ ತರಡು ಒಂದು ಬದಿಗೆ ತೆಂಗಿನಕಾಯಿಯಷ್ಟು ಊದಿತ್ತು. ಪಶುವೈದ್ಯರು ರಕ್ತದ ವರದಿ ಮಡಚಿದರು. ಬಾಳವ್ವ ಅವರ ಮುಖವನ್ನೇ ನೋಡುತ್ತಿದ್ದಳು.

“ರಕ್ತದಾಗ ಕಂದು ಹಾಕೋ ರೋಗದ, ಅಂದ್ರ ಆಕಳ ಗರ್ಭ ಇಳಿಸೋ ರೋಗದ, ಪ್ರತಿಕಾಯ ಭಾಳ ಅದಾವ. ರೋಗ ಒಳಗ ಹೊಕ್ಕೈತಿ. ಇನ್ನ ಇದನ್ನ ಯಾವ ಆಕಳಿಗೂ ಬಿಡಬ್ಯಾಡ.”

“ಆ ಕಾಗದ ಸುಳ್ಳ ಐತ್ರಿ. ಆ ರೋಗಕ್ಕ ಇದು ಕರು ಇದ್ದಾಗನ ಸೂಜಿ ಹಾಕಿಸೇನಿ.”

ವೈದ್ಯರು ತಲೆಯೆತ್ತಿದರು. “ಅದನ್ನ ಹೆಣ್ಣುಕರಕ್ಕಷ್ಟ ಹಾಕ್ತಾರ. ಇದಕ್ಕ ಹ್ಯಾಂಗ ಹಾಕಿದ್ರು?”

ತಾಯಿ ಸತ್ತ ಈ ಕರುವನ್ನು ಬಾಟ್ಲಿ ಹಾಲು ಕುಡಿಸಿ ಬೆಳೆಸಿದವಳು ಬಾಳವ್ವ. ಹೆಣ್ಣಿಗೆ ಸಿಗುವ ಕಾವಲು ಇದಕ್ಕೇಕೆ ತಪ್ಪಬೇಕು ಎಂದು ಅಂದೇ ಹಟ ಹಿಡಿದಿದ್ದಳು.

“ಹೆಣ್ಣುಕರುಗಳ ಸಾಲಿನ್ಯಾಗ ಕಟ್ಟಿದ್ದೆರಿ. ಕೆಳಗ ಕಾಣಬಾರದಂತ ಹೊಟ್ಟಿಗೆ ಗೋಣಿಚೀಲ ಸುತ್ತಿ, ಚಳಿಗೆ ಅಂತ ಹೇಳಿದೆ. ಸೂಜಿಯಾಂವ ಕುತ್ತಿಗಿ ಅಷ್ಟ ನೋಡಿದ.”

ವೈದ್ಯರು ಮಡಚಿದ ವರದಿಯನ್ನು ಮತ್ತೆ ಬಿಚ್ಚಿದರು. ಹೋರಿ ಅವಳ ಸೆರಗು ನೆಕ್ಕುತ್ತ ನಿಂತಿತ್ತು.

“ಆ ಸೂಜಿಯೊಳಗ ಇರೋದು ಅದೇ ರೋಗದ ಬಲಗುಂದಿದ ಜೀವಾಣು, ಬಾಳವ್ವ. ಹೆಣ್ಣುಕರಕ್ಕ ಅದು ಕಾವಲು ಆಗತೈತಿ. ಗಂಡಿಗೆ ಹಾಕಿದ್ರ ತರಡಿನ್ಯಾಗ ಹೊಕ್ಕು ಮನಿ ಮಾಡತೈತಿ.”