ಕಣ್ಣು ಬಿಟ್ಟ ಹೊತ್ತು

ಐಸಿಯುನಲ್ಲಿ ಚಾರ್ವಿ ಕಣ್ಣು ಬಿಟ್ಟಳು. ಮಹಡಿ ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾದಾಗಿನಿಂದ ಆರು ವರ್ಷದ ಆ ಹುಡುಗಿ ಮಿಸುಕಾಡಿರಲಿಲ್ಲ. ನಂದಿತಾ ಗಂಡನ ತೋಳು ಹಿಡಿದು, "ರೀ, ನೋಡ್ರೀ, ಪುಟ್ಟಿ ಕಣ್ಣು ಬಿಟ್ಲು!" ಎಂದು ಬಿಕ್ಕಿದಳು.

ಮನೋಹರ ನರ್ಸ್ ಕಡೆ ತಿರುಗಿದ. "ಸಿಸ್ಟರ್, ಹಾಗಾದ್ರೆ ಇವತ್ತೇ ವಾರ್ಡಿಗೆ ಹಾಕ್ತೀರಾ? ಐಸಿಯು ಬಿಲ್ಲು ಇಲ್ಲಿಗೇ ನಿಲ್ಲುತ್ತಲ್ವಾ?"

ಬಾಯಿಂದ ಹೊರಬಿದ್ದ ಮೇಲೆಯೇ ಆ ಮಾತು ಅವನ ಕಿವಿಗೂ ಬಿದ್ದಿತು. ಬಳೇಪೇಟೆಯ ಬಳೆ ಅಂಗಡಿಯನ್ನು ಅಡವಿಟ್ಟಾಗಿತ್ತು. ಬೆಳಗಾದರೆ ಆಸ್ಪತ್ರೆಯ ಕೌಂಟರಿನವರು ಮತ್ತೆ ದುಡ್ಡು ಕಟ್ಟಿ ಎನ್ನುತ್ತಿದ್ದರು. ಸ್ವಂತ ಅಣ್ಣನೇ ಫೋನ್ ಎತ್ತುವುದನ್ನು ನಿಲ್ಲಿಸಿದ್ದ. ಎಲ್ಲವೂ ನಿಜ. ಆದರೂ ಮಗಳ ಹೆಸರು ಕೂಗಬೇಕಿದ್ದ ನಾಲಿಗೆ ಮೊದಲು ಕೇಳಿದ್ದು ಇದನ್ನು.

"ಡಾಕ್ಟರ್ ನೋಡ್ಬೇಕು ಸಾರ್. ಇನ್ನೂ ಸ್ವಲ್ಪ ದಿನ ಇಲ್ಲೇ ಇರ್ಬೇಕಾಗುತ್ತೆ," ಎಂದಳು ನರ್ಸ್, ಮೆಲ್ಲಗೆ.

ಮನೋಹರ ಮಂಚದ ಮೇಲೆ ಬಾಗಿದ. ಮಗುವಿನ ಒಣಗಿದ ತುಟಿ ಅಲುಗಿತು.

"ಅಪ್ಪಾ... ಮನೆಗೆ ಹೋಗೋಣ."

ಮಗಳ ಹಣೆ ಸವರುತ್ತಾ ಉತ್ತರ ಕೊಟ್ಟವಳು ನಂದಿತಾ. "ಪೂರ್ತಿ ವಾಸಿ ಆಗೋವರ್ಗೂ ಇಲ್ಲೇ ಇರೋಣ ಕಂದಾ."

ಹಾಗೆನ್ನುವಾಗ ಅವಳು ನೋಡುತ್ತಿದ್ದದ್ದು ಮಗುವನ್ನಲ್ಲ, ಗಂಡನನ್ನು.