ಪಾಸಾದ ಕಾಮಧೇನು

ಷೇರು ವ್ಯಾಪಾರದ ಸೂತ್ರಗಳನ್ನು ಮಾರುವ ಆನ್‌ಲೈನ್ ಅಂಗಡಿ. ಪ್ರತಿಯೊಂದನ್ನೂ ಪರೀಕ್ಷಿಸಿ ಮಾರಾಟಕ್ಕೆ ಬಿಡುತ್ತಿದ್ದವಳು ವೈಜಯಂತಿ. ಈಗ ಆ ಕೆಲಸವನ್ನು ಯಂತ್ರಕ್ಕೊಪ್ಪಿಸಿ ಅವಳನ್ನು ಮೂಲೆಗುಂಪು ಮಾಡಿದ್ದರು. ಈ ಅವಮಾನದ ಬಗ್ಗೆ ಅವಳು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ರೋಷದಿಂದ, ಬೇರೆ ಹೆಸರಿನಲ್ಲಿ ತಾನೇ ಒಂದು ಸೂತ್ರ ಕಳಿಸಿದಳು. ವಾರ ಕಳೆದು ಮ್ಯಾನೇಜರ್ ಕೋಣೆಗೆ ನುಗ್ಗಿದಳು.

“ನಿಮ್ಮ ಯಂತ್ರ ಪಾಸು ಮಾಡಿರೋ ‘ಕಾಮಧೇನು’ ನಂದು ಸಾರ್! ಟಾಸ್ ಹಾಕೋದು, ಹೆಡ್ ಬಿದ್ರೆ ಕೊಳ್ಳೋದು, ಟೇಲ್ ಬಿದ್ರೆ ಮಾರೋದು. ಅಷ್ಟೇ! ಅದಕ್ಕೆ ಫೈವ್ ಸ್ಟಾರ್ ಬೇರೆ! ನಾಚಿಕೆ ಆಗಲ್ವಾ?”

“ಕಣ್ಮುಚ್ಚಿ ತಗೊಳ್ಳೋರು ಇದ್ದಾರಲ್ಲಮ್ಮ!”

“ಅಂಥ ಹೆಡ್ಡ ಯಾವನ್ರೀ?”

ಅವಳ ಫೋನು ಹೊಡೆದುಕೊಂಡಿತು. ತಮ್ಮ.

“ಅಕ್ಕಾ, ನಿಮ್ಮ ಅಂಗಡಿ ಕಾಮಧೇನು ತಗೊಂಡು ಇದ್ದ ದುಡ್ಡೆಲ್ಲ ಹಾಕ್ಬಿಟ್ಟೆ. ಎಲ್ಲಾನೂ ಪರೀಕ್ಷೆ ಮಾಡಿ ಬಿಡೋಳು ನೀನೇ ಅಲ್ವಾ?”