ಹೆಸರು ಸಮೇತ

"ಪೂರ್ತಿ ಐವತ್ತು ಕಿಲೋ ಬಂತು, ಬರ್ಕೊಳ್ಳಿ," ಎಂದು ಕುರಿ ಕಾಯುವ ಹೆಂಗಸು ಸಿಡುಕಿದಳು. ಅವಳ ಕಾಲ ಬಳಿಯಿದ್ದ ಬರ ಪರಿಹಾರದ ಜೋಳದ ಚೀಲ ಅರ್ಧವೂ ತುಂಬಿರಲಿಲ್ಲ. ಹಂಚಿಕೆಯ ತಪಾಸಣೆಗೆ ಬಂದಿದ್ದ ಅಧಿಕಾರಿಣಿ ಉಗ್ರಾಣದವನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

"ಈಗ ಹೇಳಮ್ಮ. ನನ್ನ ಹತ್ರ ಎಂಥ ಹೆದರಿಕೆ?"

"ಹೆದರಿಕೆಯಲ್ಲ, ಹೇಸಿಗೆ. ಹೋದ ಬರಗಾಲದಲ್ಲಿ ನಮ್ಮಕ್ಕ ನಿಮ್ಮ ಹತ್ರಾನೇ ನಿಜ ಹೇಳಿದ್ಲು. ನಿಮ್ಮ ವರದಿ ಅವಳ ಹೆಸರು ಸಮೇತ ಈ ಉಗ್ರಾಣದವನ ಕೈಗೇ ಬಂತು. ಮಾರನೇ ತಿಂಗಳಿಂದ ಅವಳಿಗೆ ಒಂದು ಕಾಳೂ ಇಲ್ಲ. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋದ್ಲೋ ಗೊತ್ತಿಲ್ಲ."

ಅಧಿಕಾರಿಣಿಗೆ ಆ ವರದಿ ನೆನಪಿತ್ತು. ಮೇಲಿನವರು ಅದನ್ನು ಮೆಚ್ಚಿಕೊಂಡಿದ್ದರು. ಕೈಯಲ್ಲಿದ್ದ ಹೊಸ ವರದಿಯ ಹಾಳೆಯ ಮೊದಲ ಸಾಲಿನಲ್ಲಿ ಈಗ ಈ ಹೆಂಗಸಿನ ಹೆಸರಿತ್ತು.

"ಕೊಡಿ ಇಲ್ಲಿ," ಎಂದು ಕುರಿ ಕಾಯುವವಳು ಕೈ ಚಾಚಿದಳು.

ಅಧಿಕಾರಿಣಿ ಹಾಳೆ ಕೊಟ್ಟಳು.